ಡಿಎಪಿಯೋ ಕಲ್ಲುಪುಡಿಯೋ: ಅಡಿಕೆ ಸಸಿಗಳ ಮೂರು ಸಾಲು

ಶಿರಸಿ ಸೀಮೆಯ ನಮ್ಮ ತೋಟದ ಮಣ್ಣು ಹುಳಿ. ಪರೀಕ್ಷೆಯ ಚೀಟಿಯಲ್ಲಿ ರಸಸಾರ (pH, ಏಳಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) 5.2 ಎಂದಿತ್ತು. ಅಲ್ಲಿ ಮೂರು ವರ್ಷದ ಅಡಿಕೆ ಸಸಿಗಳ ಮೂರು ಸಾಲು ಆರಿಸಿ ಒಂದಕ್ಕೆ ಡಿಎಪಿ, ಒಂದಕ್ಕೆ ಸೂಪರ್ ಫಾಸ್ಫೇಟ್, ಇನ್ನೊಂದಕ್ಕೆ ಕಲ್ಲುಪುಡಿ ಅಂದರೆ ರಾಕ್ ಫಾಸ್ಫೇಟ್ ಹಾಕುತ್ತ ನಾಲ್ಕು ಮಳೆಗಾಲ ಕಳೆದೆ. ಮೂರೂ ರಂಜಕ (ಫಾಸ್ಫರಸ್) ಕೊಡುವ ಗೊಬ್ಬರಗಳೇ.

ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಹೇಳುವಂತೆ ಮರಕ್ಕೆ ವರ್ಷಕ್ಕೆ 40 ಗ್ರಾಂ ರಂಜಕ (ಗೊಬ್ಬರದ ಚೀಲದ P₂O₅ ಲೆಕ್ಕದಲ್ಲಿ) ಬೇಕು. ಅದಕ್ಕೆ ಡಿಎಪಿ 87 ಗ್ರಾಂ ಸಾಕು. ಸೂಪರ್ ಆದರೆ 250 ಗ್ರಾಂ, ಶೇ. 20 ರಂಜಕವಿರುವ ರಾಕ್ ಫಾಸ್ಫೇಟ್ ಆದರೆ 200 ಗ್ರಾಂ. ಡಿಎಪಿಯಲ್ಲಿ ಸಾರಜನಕವೂ ಇರುವುದರಿಂದ ಆ ಸಾಲಿಗೆ ಯೂರಿಯಾ 34 ಗ್ರಾಂ ಇಳಿಸಿದೆ. ಇಲ್ಲದಿದ್ದರೆ ಹೋಲಿಕೆಯೇ ಸುಳ್ಳಾಗುತ್ತಿತ್ತು.

ಮೊದಲ ವರ್ಷ ಡಿಎಪಿ ಸಾಲಿನ ಸೋಗೆಗೆ ಕಡುಹಸಿರು. ಕಲ್ಲುಪುಡಿಯ ಸಾಲು ಮಾತ್ರ ಇದ್ದಲ್ಲೇ ಇತ್ತು. ಅಪ್ಪ ನೋಡಿ, "ಮಣ್ಣಿಗೆ ಮಣ್ಣು ಹಾಕಿದಂಗಾತು" ಅಂದರು. ಆಗ ನನಗೂ ಹಾಗೇ ಅನಿಸಿತ್ತು. ರಾಕ್ ಫಾಸ್ಫೇಟ್ ನೀರಿಗೆ ಕರಗುವ ವಸ್ತುವೇ ಅಲ್ಲ. ಮಣ್ಣಿನ ಹುಳಿಯೇ ಅದನ್ನು ಸ್ವಲ್ಪಸ್ವಲ್ಪ ತಿಂದು ರಂಜಕ ಬಿಡಿಸಬೇಕು. ಡಿಎಪಿ, ಸೂಪರ್‌ಗಳ ರಂಜಕ ಬೇಗ ಕರಗುತ್ತದೆ, ಆದರೆ ಬೇರು ಕುಡಿದು ಮಿಕ್ಕಿದ್ದರಲ್ಲಿ ಬಹುಪಾಲನ್ನು ನಮ್ಮ ಕೆಂಪುಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದು ಕೂರುತ್ತವೆ. ಮೂರನೇ ವರ್ಷಕ್ಕೆ ಮೂರೂ ಸಾಲುಗಳ ಕಾಂಡಕ್ಕೆ ದಾರ ಸುತ್ತಿ ಅಳೆದರೆ ಒಂದು ಬೆರಳಿನಷ್ಟೂ ಅಂತರ ಇರಲಿಲ್ಲ. ಸೂಪರ್‌ನಿಂದ ಗಂಧಕ ಸಿಕ್ಕಿದ್ದು ಲಾಭ, ಹೊತ್ತು ಬೆನ್ನು ನೋಯಿಸಿಕೊಂಡಿದ್ದು ನಷ್ಟ.

ನಡುವೆ ಒಂದು ಎಡವಟ್ಟು ಮಾಡಿದೆ. ಹುಳಿ ತಗ್ಗಲೆಂದು ಕಲ್ಲುಪುಡಿ ಸಾಲಿನ ಅರ್ಧಕ್ಕೆ ಅದೇ ತಿಂಗಳು ಸುಣ್ಣವನ್ನೂ ಹಾಕಿದೆ. ಪುಡಿ ಕರಗಲು ಬೇಕಾದ ಹುಳಿಯನ್ನೇ ನಾನು ಕೊಂದಂತಾಯಿತು. ಆ ಅರ್ಧ ಸಾಲು ಇನ್ನೂ ಹಿಂದೆ ಇದೆ; ಮೇಲೆ ಹೇಳಿದ ದಾರದ ಅಳತೆ ಸುಣ್ಣ ಬೀಳದ ಅರ್ಧದ್ದು.

ಜಿಯೋಲೈಟ್ ಎಂಬ ಸಣ್ಣ ರಂಧ್ರಗಳ ಖನಿಜದ ಪುಡಿಯನ್ನೂ ಒಂದು ಚೀಲ ತರಿಸಿ ಕೊಟ್ಟಿಗೆಯ ಗಂಜಲದ ಕಾಲುವೆಗೆ ಹರಡಿದ್ದೆ. ಅದು ಅಮೋನಿಯಾ ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ. ಮೂಗು ಸುಡುವ ವಾಸನೆ ಇಳಿದಿದ್ದು ನಿಜ. ಆದರೆ ಬೆಟ್ಟದಿಂದ ತಂದ ದರಕು (ಉದುರಿದ ಒಣ ಎಲೆ) ಹಾಸಿದರೂ ಹೆಚ್ಚುಕಡಿಮೆ ಅಷ್ಟೇ ಕೆಲಸವಾಗುತ್ತದೆ, ಅದೂ ಪುಕ್ಕಟೆ. ಮತ್ತೆ ತರಿಸಲಿಲ್ಲ.

ಈಗ ನಾನು ಹೊಸ ಸಸಿಗೆ ಎರಡು ವರ್ಷ ಡಿಎಪಿ ಕೊಡುತ್ತೇನೆ. ಆಮೇಲೆ ರಾಕ್ ಫಾಸ್ಫೇಟ್, ಅದನ್ನೂ ಬರಿದೇ ಹಾಕದೆ ಸಗಣಿ, ಸೊಪ್ಪಿನ ಜೊತೆ ಗುಂಡಿಯಲ್ಲಿ ಕೊಳೆಸಿ. ಹೀಗೆ ಮಾಡಿದರೆ ಧೂಳು ಕಣ್ಣಿಗೆ ಹೊಡೆಯುವುದೂ ತಪ್ಪುತ್ತದೆ.

ನನ್ನ ಮಾತು ಕೇಳಿ ರೋಣದ ಭಾವ ಹಿಂಗಾರಿ ಕಡಲೆಗೆ ಎರಡು ಚೀಲ ರಾಕ್ ಫಾಸ್ಫೇಟ್ ಒಯ್ದಿದ್ದ. ಅವನದು ಎರೆ ಹೊಲ, ರಸಸಾರ ಎಂಟರ ಮೇಲೆ. ಅಲ್ಲಿ ಅದು ಕರಗುವುದೆಲ್ಲಿಂದ? ಒಂದು ಚೀಲ ಹೊಲದಲ್ಲಿ ಹಾಗೇ ಬಿದ್ದುಕೊಂಡಿತು. ಬಿಚ್ಚದೇ ಇದ್ದ ಇನ್ನೊಂದನ್ನು ಕಳೆದ ಹಬ್ಬಕ್ಕೆ ಹೋದಾಗ ಮಾತಾಡದೆ ವಾಪಸ್ ತಂದೆ.