ಏಳು ವರ್ಷ, ಒಂದೇ ಗಿಟಾರ್: ಪಿಕಪ್, ಆಂಪ್, ಸ್ಪೀಕರ್ ಬದಲಿಸಿದವನ ಲೆಕ್ಕ

ನನ್ನ ಹತ್ತಿರ ಇರುವುದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿಯ ಅಗ್ಗದ ಎಲೆಕ್ಟ್ರಿಕ್ ಗಿಟಾರ್. ಕಂಪನಿ ಹೆಸರು ಬೇಡ. ಕೊಂಡಾಗ ಮೂರು ಸಿಂಗಲ್ ಕಾಯಿಲ್ ಪಿಕಪ್ (ಸ್ಟ್ರಿಂಗ್‌ನ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಇದ್ದವು, ಜೊತೆಗೆ ಆ ಸಿಗ್ನಲನ್ನು ದೊಡ್ಡದು ಮಾಡುವ 10 ವ್ಯಾಟ್‌ನ ಪುಟ್ಟ ಟ್ರಾನ್ಸಿಸ್ಟರ್ ಆಂಪ್. ಟೋನ್ ಚೆನ್ನಾಗಿಲ್ಲ ಅಂತ ಮೊದಲು ಪಿಕಪ್ ಬದಲಿಸಿದೆ, ಆಮೇಲೆ ಆಂಪ್, ಕೊನೆಗೆ ಸ್ಪೀಕರ್. ಈ ಕ್ರಮ ಪೂರ್ತಿ ಉಲ್ಟಾ ಆಗಬೇಕಿತ್ತು.

ಪಿಕಪ್ ಬದಲಿಸಲು ದೊಡ್ಡ ಕಾರಣ ಗುಂಯ್ ಸದ್ದು. ಸಿಂಗಲ್ ಕಾಯಿಲ್ ಅಂದರೆ ಆಯಸ್ಕಾಂತಗಳ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ, ಸಾವಿರಾರು ಸುತ್ತು. ಉಕ್ಕಿನ ಸ್ಟ್ರಿಂಗ್ ಅದರ ಮೇಲೆ ಕಂಪಿಸಿದರೆ ಸಿಗ್ನಲ್ ಹುಟ್ಟುತ್ತದೆ. ತೊಂದರೆ ಏನಂದರೆ, ಮನೆಯ ವೈರಿಂಗ್‌ನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನೂ ಅದೇ ಸುರುಳಿ ಹಿಡಿಯುತ್ತದೆ. ನಮ್ಮನೆ ಫ್ಯಾನ್ 2ರಲ್ಲಿದ್ದರೆ ಆಂಪ್ ಜರ್‌ರ್ ಅನ್ನುತ್ತಿತ್ತು, 5ಕ್ಕೆ ತಿರುಗಿಸಿದರೆ ಅರ್ಧಕ್ಕೆ ಇಳಿಯುತ್ತಿತ್ತು. ಹಳೇ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಕರೆಂಟನ್ನು ಕತ್ತರಿಸಿ ಕತ್ತರಿಸಿ ಕಳಿಸುವಂಥದ್ದು. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದರಂತೂ ಕೇಳುವುದೇ ಬೇಡ. ಒಮ್ಮೆ ಅಮ್ಮ ಮಿಕ್ಸಿ ಆಫ್ ಮಾಡೋದು ಮರೆತೆನೇನೋ ಅಂತ ಅಡುಗೆಮನೆಗೆ ಹೋಗಿ ನೋಡಿ ಬಂದರು.

ಇದಕ್ಕೆ ಮದ್ದು ಹಂಬಕರ್ ಅನ್ನುವ ಪಿಕಪ್. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಮಾಡಿದ್ದು. ಎರಡು ಸುರುಳಿ, ಒಂದಕ್ಕೊಂದು ಉಲ್ಟಾ, ಆಯಸ್ಕಾಂತದ ತುದಿಗಳೂ ಉಲ್ಟಾ. ಹೊರಗಿನ ಗುಂಯ್ ಪರಸ್ಪರ ಕಳೆದುಹೋಗುತ್ತದೆ, ಸ್ಟ್ರಿಂಗ್‌ನ ಸಿಗ್ನಲ್ ಮಾತ್ರ ಕೂಡುತ್ತದೆ. ನಾನು ಬ್ರಿಜ್ (ಸ್ಟ್ರಿಂಗ್‌ಗಳು ಕೆಳಗೆ ಕೂರುವ ತುದಿ) ಪಕ್ಕದ ಜಾಗಕ್ಕೆ ಸೆಮೋರ್ ಡಂಕನ್ ಕಂಪನಿಯ 59 ಅನ್ನುವ ಹಂಬಕರ್ ಹಾಕಿಸಿದೆ. ಗುಂಯ್ ಹೋಯಿತು. ಆದರೆ ಸದ್ದು ಕಂಬಳಿ ಹೊದ್ದು ಮಲಗಿದಂತಿತ್ತು. ಎಂಟು ತಿಂಗಳು ಪಿಕಪ್ಪನ್ನೇ ಬೈದುಕೊಂಡೆ.

ತಪ್ಪು ಪಿಕಪ್‌ನದ್ದಲ್ಲ. ಅದನ್ನು ಕೂರಿಸಿದವರು ವಾಲ್ಯೂಮ್‌ಗೆ ಹಳೆಯ 250 ಕಿಲೋ ಓಮ್ ಪಾಟ್ (ನಾಬ್ ಕೆಳಗಿನ, ತಿರುಗಿಸುವ ರೆಸಿಸ್ಟರ್) ಹಾಗೇ ಬಿಟ್ಟಿದ್ದರು. ಸಿಂಗಲ್ ಕಾಯಿಲ್‌ಗೆ ಅದು ಸರಿ, ಹಂಬಕರ್‌ಗೆ ಸಾಮಾನ್ಯವಾಗಿ 500 ಬೇಕು. ಪಾಟ್‌ನ ರೆಸಿಸ್ಟೆನ್ಸ್ ಕಡಿಮೆಯಾದಷ್ಟೂ ಪಿಕಪ್ ಮೇಲೆ ಭಾರ ಜಾಸ್ತಿ, ಸದ್ದಿನ ಮೊನಚು ಕಡಿಮೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌.ಪಿ. ರೋಡ್‌ನಲ್ಲಿ ಒಂದು ಪಾಟ್ ತಂದು ನಾನೇ ಬೆಸುಗೆ ಹಾಕಿದೆ. ಮೊದಲ ಸಲ ಶಾಖ ಜಾಸ್ತಿಯಾಗಿ ವೈರಿನ ಪ್ಲಾಸ್ಟಿಕ್ ಸುಟ್ಟಿತು. ಎರಡನೇ ಸಲ ಕೂತಿತು. ಆವತ್ತೇ ಕಂಬಳಿ ಸರಿಯಿತು. ಉಳಿದ ಎರಡು ಸಿಂಗಲ್ ಕಾಯಿಲ್ ಈಗ ಸ್ವಲ್ಪ ಚೂಪಾಗಿ ಕೇಳುತ್ತವೆ, ಅವಕ್ಕೆ ಟೋನ್ ನಾಬ್ 7ಕ್ಕೆ ಇಳಿಸಿಕೊಳ್ಳುತ್ತೇನೆ.

ಇನ್ನೊಂದು, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಪಿಕಪ್ಪನ್ನು ಮೇಲೆ ಕೆಳಗೆ ಮಾಡುವ, ಎರಡು ಪಕ್ಕದ ಸ್ಕ್ರೂ. ಜೋರು ಸದ್ದು ಬರಲಿ ಅಂತ ನೆಕ್ (ಗಿಟಾರಿನ ಕುತ್ತಿಗೆ) ಕಡೆಯ ಪಿಕಪ್ಪನ್ನು ಸ್ಟ್ರಿಂಗ್‌ಗೆ ಅಂಟುವಷ್ಟು ಮೇಲೆತ್ತಿದ್ದೆ. 12ನೇ ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ)‌ನಿಂದಾಚೆ ದಪ್ಪ ಸ್ಟ್ರಿಂಗ್ ಒತ್ತಿದರೆ ಒಂದೇ ಸ್ವರ ಎರಡಾಗಿ ಅಲೆಯುತ್ತಿತ್ತು. ಟ್ಯೂನಿಂಗ್ ಕೆಟ್ಟಿದೆ ಅಂದುಕೊಂಡಿದ್ದೆ. ಆಯಸ್ಕಾಂತವೇ ಸ್ಟ್ರಿಂಗನ್ನು ಎಳೆಯುತ್ತಿತ್ತು! ಈಗ ಕೊನೆಯ ಫ್ರೆಟ್ ಒತ್ತಿ ಹಿಡಿದು ಸ್ಟ್ರಿಂಗ್‌ಗೂ ಪಿಕಪ್‌ಗೂ ನಡುವಿನ ಅಂತರ ಅಳೆದರೆ ದಪ್ಪ ಸ್ಟ್ರಿಂಗ್ ಕಡೆ 2 ಮಿಲಿಮೀಟರ್‌ಗಿಂತ ತುಸು ಜಾಸ್ತಿ, ತೆಳು ಕಡೆ ಅದಕ್ಕಿಂತ ಕಡಿಮೆ. ಮೊದಲೇ ಹೀಗೆ ಮಾಡಿದ್ದರೆ ಬಹುಶಃ ಟೋನ್ ಬಗ್ಗೆ ಇಷ್ಟು ದೂರು ಇರುತ್ತಿರಲಿಲ್ಲ.

ಆಂಪ್ ವಿಷಯ ಬೇರೆ. ಎರಡನೇ ವರ್ಷದ ಕೊನೆಗೆ 15 ವ್ಯಾಟ್‌ನ ವಾಲ್ವ್ (ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ನಿರ್ವಾತ ನಳಿಕೆ) ಆಂಪ್ ತಗೊಂಡೆ, ಇಎಲ್84 ಅನ್ನುವ ಎರಡು ವಾಲ್ವ್, 12 ಇಂಚಿನ ಸ್ಪೀಕರ್. ಹಳೇ ಆಂಪ್‌ನಲ್ಲಿ ಡಿಸ್ಟಾರ್ಶನ್ (ಸದ್ದನ್ನು ಒರಟು ಮಾಡುವುದು) ಒಂದು ಸ್ವಿಚ್, ಒತ್ತಿದರೆ ಉಂಟು, ಬಿಟ್ಟರೆ ಇಲ್ಲ. ಇದರಲ್ಲಿ ಅದು ಕೈಯಲ್ಲಿದೆ. ಮೆಲ್ಲಗೆ ಮೀಟಿದರೆ ಶುದ್ಧ, ಗಟ್ಟಿಯಾಗಿ ಹೊಡೆದರೆ ಅಂಚು ಒರಟಾಗುತ್ತದೆ. ಗಿಟಾರ್ ವಾಲ್ಯೂಮ್ 6ಕ್ಕೆ ಇಳಿಸಿದರೆ ಮತ್ತೆ ತಿಳಿ. ಪೆಡಲ್ (ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಡಬ್ಬಿ) ಮುಟ್ಟದೇ ಇಡೀ ಹಾಡು ನುಡಿಸಬಹುದು.

ಕಷ್ಟಗಳೂ ಇವೆ. 15 ವ್ಯಾಟ್ ಅಂದರೆ ಕಮ್ಮಿ ಅಂದುಕೊಳ್ಳಬೇಡಿ, ವಾಲ್ವ್ ಬಿಸಿಯಾಗಿ ಒಳ್ಳೇ ಸದ್ದು ಬರುವ ಹೊತ್ತಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿರುತ್ತಾರೆ. ನಾಲ್ಕನೇ ವರ್ಷ ಇಎಲ್84 ಜೋಡಿ ಬದಲಿಸಬೇಕಾಯಿತು. ಪ್ಲಗ್ ತೆಗೆದರೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ, ಗೊತ್ತಿಲ್ಲದವರು ಷಾಸಿ (ಒಳಗಿನ ಲೋಹದ ಚೌಕಟ್ಟು) ಬಿಚ್ಚಲೇಬಾರದು.

ಕೊನೆಗೆ ಸ್ಪೀಕರ್. ಬಂದಿದ್ದ ಸ್ಪೀಕರ್ ತೆಗೆದು ಸೆಲೆಸ್ಟಿಯನ್ ಕಂಪನಿಯ ಗ್ರೀನ್‌ಬ್ಯಾಕ್ ಅನ್ನುವ ಸ್ಪೀಕರ್ ಹಾಕಿದೆ, 25 ವ್ಯಾಟ್, ಹಳೆಯದರಂತೆ 8 ಓಮ್. ಹೇಳಲು ನಾಚಿಕೆ, ಪಿಕಪ್‌ನಿಂದ ಆದದ್ದಕ್ಕಿಂತ ದೊಡ್ಡ ಬದಲಾವಣೆ ಇದರಿಂದ ಆಯಿತು. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ಹೆಚ್ಚಾಗಿ ಬಿಡುವುದೇ ಇಲ್ಲ. ಡಿಸ್ಟಾರ್ಶನ್ ಪೆಡಲನ್ನು ನೇರ ಕಂಪ್ಯೂಟರ್‌ಗೆ ಚುಚ್ಚಿ ಕೇಳಿ ನೋಡಿ, ಜೇನುಗೂಡಿಗೆ ಕಲ್ಲು ಹೊಡೆದ ಹಾಗಿರುತ್ತದೆ. ಆ ಜೇನುಗಳನ್ನೆಲ್ಲ ತಡೆಯುವುದು ಸ್ಪೀಕರ್ರೇ. ಗ್ರೀನ್‌ಬ್ಯಾಕ್‌ನ ಮಧ್ಯದ ಸ್ವರಗಳಲ್ಲಿ ಒಂದು ಗೊಗ್ಗರು ದನಿ ಇದೆ, ನನಗೆ ಅದು ಇಷ್ಟ. ತಿಳಿಯಾದ, ಹೊಳೆಯುವ ಸದ್ದೇ ಬೇಕು ಅನ್ನುವವರಿಗೆ ಹಿಡಿಸಲಿಕ್ಕಿಲ್ಲ.

ಹೋದ ತಿಂಗಳು ಫ್ಯಾನ್ ರೆಗ್ಯುಲೇಟರ್ ಕೂಡ ಬದಲಿಸಿದೆ, ಕೆಪಾಸಿಟರ್ ಇರುವ ಸ್ಟೆಪ್ ಥರದ್ದು. ನೆಕ್‌ನ ಸಿಂಗಲ್ ಕಾಯಿಲ್ ಜರ್‌ರ್ ಅನ್ನುವುದು ಬಿಟ್ಟಿದೆ. ಏಳು ವರ್ಷದಲ್ಲಿ ಅತಿ ಕಡಿಮೆ ದುಡ್ಡು ಹೋದದ್ದು ಅದಕ್ಕೇ.