ಅಪ್ಪನ ಹೊಸ ಹೆಂಡತಿಯನ್ನು ಏನಂತ ಕರೆಯೋದು: ಆಂಟಿಯೋ, ಚಿಕ್ಕಮ್ಮನೋ, ಅಮ್ಮನೋ?

'ಮಲತಾಯಿ' ಅನ್ನೋದು ಎದುರಿಗೆ ಕರೆಯುವ ಪದವಲ್ಲ. ಮತ್ತೇನು ಕರೆಯೋದು?

ಆಂಟಿ: ಮದುವೆಗೆ ಮುಂಚೆ ಪರಿಚಯವಿದ್ದರೆ ನಾಲಿಗೆಗೆ ಇದೇ ರೂಢಿ. ಆದರೆ ಪಕ್ಕದ ಮನೆಯವರೂ ಆಂಟಿಯೇ. ಜೊತೆಗೆ 'ನೀವು' ಬಂದುಬಿಡುತ್ತೆ: "ಆಂಟಿ, ಊಟ ಹಾಕ್ತೀರಾ?" ಶುರುವಿಗೆ ಸಾಕು, ವರ್ಷಗಟ್ಟಲೆ ಎಳೆಯಬೇಡಿ.

ಚಿಕ್ಕಮ್ಮ: ನನ್ನ ಒಲವು ಇದಕ್ಕೇ. ಹೆತ್ತವಳ ಜಾಗ ಹಾಗೇ ಉಳಿಯುತ್ತೆ, ಬಂದವರಿಗೂ 'ಅಮ್ಮ' ಸಿಗುತ್ತೆ. 'ನೀನು' ಅನ್ನುವ ಸಲುಗೆಯೂ ಸಲೀಸು: "ಚಿಕ್ಕಮ್ಮಾ, ನನ್ನ ಟಿಫಿನ್ ಡಬ್ಬಿ ಎಲ್ಲಿಟ್ಟೆ?" ಉತ್ತರ ಕರ್ನಾಟಕದವರಾದರೆ ಚಿಗವ್ವ, ಮುದ್ದಿಗೆ ಚಿಕ್ಕಿ. ಒಂದೇ ತೊಡಕು: ಅಮ್ಮನ ತಂಗಿ, ಚಿಕ್ಕಪ್ಪನ ಹೆಂಡತಿ ಎಲ್ಲರೂ ಚಿಕ್ಕಮ್ಮಂದಿರೇ. ಅವರನ್ನು ಹೆಸರು ಸೇರಿಸಿ ಕರೆದು, ಬರೀ 'ಚಿಕ್ಕಮ್ಮ' ಇವರಿಗೆ ಮೀಸಲಿಡಿ.

ಹೆಸರಿನ ಜೊತೆ ಅಮ್ಮ: 'ಗೀತಮ್ಮ' ಅಂದರೆ ತರಕಾರಿಯವನೂ ಹಾಗೇ ಕರೀತಾನೆ. 'ಗೀತಾ ಅಮ್ಮ' ಅಂತ ಬಿಡಿಸಿ ಹೇಳಿದರೆ ಅದು ಮಗನದೋ ಮಗಳದೋ ಕರೆ. ಹೆತ್ತ ತಾಯಿ ಬದುಕಿದ್ದು, ಮಗು ಎರಡೂ ಮನೆಗೆ ಓಡಾಡುತ್ತಿದ್ದರೆ ಚಿಕ್ಕಮ್ಮನಿಗಿಂತ ಇದು ಅನುಕೂಲ.

ಬರೀ ಅಮ್ಮ: ಕೈಗೂಸಿಗೆ ತಾನಾಗಿ ಬರುತ್ತೆ. ತಾಯಿಯ ನೆನಪಿರುವ ಮಗುವನ್ನು ಮಾತ್ರ ನೆಂಟರ ಮುಂದೆ ನಿಲ್ಲಿಸಿ "ಅಮ್ಮ ಅನ್ನು ಪುಟ್ಟಾ" ಅಂತ ದಯವಿಟ್ಟು ಒತ್ತಾಯಿಸಬೇಡಿ. ಅದಕ್ಕೆ ಹೆತ್ತವಳನ್ನು ಬಿಟ್ಟುಕೊಟ್ಟ ಹಾಗನಿಸುತ್ತೆ.

ಆರಿಸುವ ಮುಂಚೆ ಅವರನ್ನೂ ಕೇಳಿ. ತವರಲ್ಲಿ ಅವರಿಗೊಂದು ಮುದ್ದಿನ ಹೆಸರು ಇದ್ದೇ ಇರುತ್ತೆ.