ಒಂದು ಡಿವಿಡಿ ಸಾಕಿತ್ತು, ಎರಡು ತಗೊಂಡೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 1987ರ ‘ಹಲೋ ಮೇರಿ ಲೂ: ಪ್ರಾಮ್ ನೈಟ್ 2’ಗೆ. ಕಡಿಮೆ ದುಡ್ಡಿನಲ್ಲಿ ಮಾಡಿದ ಕೆನಡಾದ ದೆವ್ವದ ಸಿನಿಮಾ. ಪ್ರಾಮ್ ಅಂದರೆ ಅಲ್ಲಿನ ಶಾಲೆಗಳಲ್ಲಿ ವರ್ಷದ ಕೊನೆಗೆ ನಡೆಯುವ ಕುಣಿತದ ಕೂಟ, ಮೇರಿ ಲೂ ಅಂದರೆ ದೆವ್ವದ ಹೆಸರು. ಇಂಥ ಸಿನಿಮಾಗಳ ಮಾತು ಬಂದರೆ ಎಲ್ಲರೂ ಹೊಗಳುವುದು 1984ರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಅನ್ನು. ಅದರ ಬಗ್ಗೆ ನನಗೇನೂ ತಕರಾರಿಲ್ಲ. ಆದರೂ ಶನಿವಾರ ರಾತ್ರಿ ನನ್ನ ಕೈ ಹೋಗುವುದು ಮೇರಿ ಲೂ ಕಡೆಗೇ.

ಈಗ ನನ್ನ ಗೋಳು ಕೇಳಿ. ಹೆಸರಿನಲ್ಲಿ ‘2’ ಇದೆ, ಅಲ್ವಾ? ಧಾರಾವಾಹಿಯ ಒಂದು ಕಂತು ತಪ್ಪಿದರೂ ಚಡಪಡಿಸುವ ಮನೆಯಲ್ಲಿ ಬೆಳೆದವನು ನಾನು. ಒಂದನೇ ಭಾಗ ಬಿಟ್ಟು ಎರಡನೇದು ನೋಡೋದಾ? ಹೊರದೇಶದ ಹಳೆ ಡಿವಿಡಿ ಮಾರುವವನೊಬ್ಬನನ್ನು ಕೇಳಿದೆ. ಮೊದಲನೇದು ನೋಡದಿದ್ದರೆ ಕಥೆ ಗೊತ್ತಾಗಲ್ಲ, ಎರಡೂ ತಗೊಳ್ಳಿ ಅಂದ. ನಂಬಿದೆ. ಡಿಸ್ಕ್‌ಗಿಂತ ಅಂಚೆ ಖರ್ಚೇ ಜಾಸ್ತಿ ಆಯಿತು.

1980ರ ‘ಪ್ರಾಮ್ ನೈಟ್’ ಹಾಕಿಕೊಂಡು ಕೂತೆ. ಜೇಮಿ ಲೀ ಕರ್ಟಿಸ್ ಇದ್ದಾರೆ, ಲೆಸ್ಲಿ ನೀಲ್ಸನ್ ಇದ್ದಾರೆ. ದೆವ್ವ ಎಲ್ಲಿ? ಇಲ್ಲವೇ ಇಲ್ಲ. ಮುಸುಕು ಹಾಕಿಕೊಂಡ ಮನುಷ್ಯನೇ ಕೊಲೆಗಾರ. ಅವನಾದರೂ ಬೇಗ ಕೆಲಸ ಶುರು ಮಾಡುತ್ತಾನಾ ಅಂದರೆ ಅದೂ ಇಲ್ಲ. ಆರಂಭದಲ್ಲಿ ಒಂದು ಹುಡುಗಿ ಕಿಟಕಿಯಿಂದ ಬಿದ್ದು ಸಾಯುತ್ತಾಳೆ. ಆಮೇಲೆ ಹೆಚ್ಚುಕಡಿಮೆ ಒಂದು ಗಂಟೆ ಫೋನ್ ಬೆದರಿಕೆ, ಹುಡುಗಿಯರ ಜಗಳ, ನಡುವೆ ಡಿಸ್ಕೋ ಕುಣಿತ. ನಾನೋ, ಈ ಮೇರಿ ಲೂ ಯಾವಾಗ ಬರುತ್ತಾಳೆ ಅಂತ ಕೊನೆಯ ಹೆಸರುಗಳು ಓಡುವ ತನಕ ಕಾದೆ.

ಮರುದಿನ ಎರಡನೇದು ಹಾಕಿದಾಗ ಗೊತ್ತಾಯಿತು. ಎರಡಕ್ಕೂ ಇರುವ ನಂಟು ಹ್ಯಾಮಿಲ್ಟನ್ ಹೈ ಅನ್ನುವ ಶಾಲೆಯ ಹೆಸರು, ಅಷ್ಟೇ. ಇದನ್ನು ತೆಗೆಯುವಾಗ ಇಟ್ಟಿದ್ದ ಹೆಸರೇ ‘ದಿ ಹಾಂಟಿಂಗ್ ಆಫ್ ಹ್ಯಾಮಿಲ್ಟನ್ ಹೈ’. ಹಳೆ ಸಿನಿಮಾದ ಹೆಸರನ್ನು ಆಮೇಲೆ ತಗುಲಿಸಿದ್ದು. ಆ ಒಂದು ಅಂಕಿಗೆ ನಾನು ದಂಡ ಕಟ್ಟಿದೆ.

ಇನ್ನು ಅಸಲಿ ಹೋಲಿಕೆ. ‘ನೈಟ್‌ಮೇರ್’ನಲ್ಲಿ ಕನಸಿಗೆ ಬಂದು ಕೊಲ್ಲುವ ಫ್ರೆಡ್ಡಿಯೂ ಮೇರಿ ಲೂವೂ ಬೆಂಕಿಯಲ್ಲಿ ಸತ್ತವರು. ಎರಡು ಕಡೆಯೂ ದೊಡ್ಡವರು ಬಾಯಿ ಮುಚ್ಚಿಕೊಂಡಿದ್ದಾರೆ, ಮಕ್ಕಳು ಅನುಭವಿಸುತ್ತಾರೆ. ಆದರೆ ಫ್ರೆಡ್ಡಿ ಮಕ್ಕಳನ್ನು ಕೊಂದವನು. ಕಾನೂನಿನ ಸಂದಿಯಲ್ಲಿ ನುಸುಳಿ ಬಂದ, ಊರಿನವರು ಸುಟ್ಟರು. ಅವನ ಮೇಲೆ ಯಾರಿಗೆ ಮರುಕ ಬಂದೀತು? ಮೇರಿ ಲೂ ಮಾಡಿದ್ದೇನು? 1957ರ ಪ್ರಾಮ್‌ನಲ್ಲಿ ಜೊತೆಗೆ ಬಂದವನನ್ನು ಬಿಟ್ಟು ಇನ್ನೊಬ್ಬನ ಹಿಂದೆ ಹೋದಳು. ಸಿಟ್ಟಾದವನು, ಅವಳ ತಲೆಗೆ ಪ್ರಾಮ್ ರಾಣಿಯ ಕಿರೀಟ ಇಡುವ ಹೊತ್ತಿಗೆ ಮೇಲಿನಿಂದ ಗಬ್ಬು ವಾಸನೆಯ ಬಾಂಬ್ ಎಸೆದ. ಬಟ್ಟೆಗೆ ಬೆಂಕಿ ಹತ್ತಿತು. ಮೂವತ್ತು ವರ್ಷ ಆದಮೇಲೆ ಅವನೇ ಆ ಶಾಲೆಯ ಪ್ರಿನ್ಸಿಪಾಲ್! ಮೈಕಲ್ ಐರನ್‌ಸೈಡ್ ಆ ಪಾತ್ರವನ್ನು ಹಲ್ಲು ಕಚ್ಚಿಕೊಂಡು ಮಾಡಿದ್ದಾರೆ. ಇಲ್ಲಿ ದೆವ್ವದ ಕಡೆ ನ್ಯಾಯ ಇದೆ. ವಿಕಿ ಅನ್ನುವ ಸಾಧು ಹುಡುಗಿಯ ಮೈಮೇಲೆ ಅವಳು ಬಂದಾಗ ನನಗೆ ಭಯಕ್ಕಿಂತ ಖುಷಿಯೇ ಆಯಿತು. ವೆಂಡಿ ಲಯಾನ್ ನಡಿಗೆ, ಮಾತು, ಉಡುಪು ಎಲ್ಲ ಬದಲಾಯಿಸಿಕೊಂಡು ಐವತ್ತರ ದಶಕದ ಹುಡುಗಿಯಾಗುವುದನ್ನು ನೋಡಲೇಬೇಕು.

ಕೈಚಳಕದಲ್ಲಿ ‘ನೈಟ್‌ಮೇರ್’ ಮುಂದು. ಇಡೀ ಕೋಣೆಯನ್ನೇ ತಿರುಗಿಸಿ ಹುಡುಗಿಯನ್ನು ಚಾವಣಿಗೆ ಏರಿಸಿದ್ದಾರೆ. ಅದೇ ಕೋಣೆಯನ್ನು ತಲೆಕೆಳಗು ಮಾಡಿ ಮಂಚದಿಂದ ರಕ್ತದ ಕಾರಂಜಿ ಹಾರಿಸಿದ್ದಾರೆ. ಮೇರಿ ಲೂ ಕಡೆ ಅಷ್ಟು ಜಾಣತನ ಇಲ್ಲ. ಆದರೆ ಕರಿಹಲಗೆ ನೀರಾಗಿ ವಿಕಿಯನ್ನು ಒಳಗೆ ಎಳೆದುಕೊಳ್ಳುವ ಒಂದು ದೃಶ್ಯ ಇದೆ. ಶಾಲೆಯಲ್ಲಿ ಬೋರ್ಡಿನ ಮುಂದೆ ಬೆವರಿದವರಿಗೆ ಅದು ಚೆನ್ನಾಗಿ ತಾಗುತ್ತದೆ.

ಕೊನೆ ಎರಡರದ್ದೂ ಸುಮಾರು. ‘ನೈಟ್‌ಮೇರ್’ನಲ್ಲಿ ಅಮ್ಮನನ್ನು ಬಾಗಿಲ ಕಿಂಡಿಯೊಳಗೆ ಎಳೆಯುವಾಗ ಅದು ಗೊಂಬೆ ಅಂತ ಮಗುವಿಗೂ ಗೊತ್ತಾಗುತ್ತದೆ.

ಮೇರಿ ಲೂದಲ್ಲಿ ಕದ್ದ ಮಾಲು ಬೇಕಾದಷ್ಟಿದೆ. ಹಳೆ ಹಾರರ್ ಸಿನಿಮಾಗಳಾದ ‘ಕ್ಯಾರಿ’ಯಿಂದ ಸ್ವಲ್ಪ, ‘ಎಕ್ಸಾರ್ಸಿಸ್ಟ್’ನಿಂದ ಸ್ವಲ್ಪ, ಫ್ರೆಡ್ಡಿಯಿಂದಲೂ. ಮುಚ್ಚಿಡುವ ಗೋಜಿಗೇ ಹೋಗಿಲ್ಲ. ಪಾತ್ರಗಳ ಮನೆತನದ ಹೆಸರು ನೋಡಿ: ಕಾರ್ಪೆಂಟರ್, ಬ್ರೌನಿಂಗ್, ಕ್ರೇವನ್. ಎಲ್ಲ ಹಾರರ್ ನಿರ್ದೇಶಕರ ಹೆಸರುಗಳೇ. ವಿಕಿಯ ಹುಡುಗ ಉಪ್ಪಿಲ್ಲದ ಸಾರು. ಅಪ್ಪ ಮಗಳ ನಡುವಿನ ಒಂದು ದೃಶ್ಯ ನೋಡಲು ಮುಜುಗರ, ನಾನು ಓಡಿಸಿಬಿಡುತ್ತೇನೆ.

ನಾನು ಸಿನಿಮಾ ನೋಡುವುದು ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ಒಬ್ಬನೇ. ಬೆಳಗ್ಗೆ ಐದಕ್ಕೆ ಏಳಬೇಕು. ಫ್ರೆಡ್ಡಿ ಕೈ ಹಾಕುವುದೇ ನಿದ್ದೆಗೆ. ಅವನನ್ನು ನೋಡಿದ ರಾತ್ರಿ ಎರಡು ಸಲ ಎದ್ದು ಲೈಟ್ ಹಾಕಿದ್ದೇನೆ. ಮೇರಿ ಲೂ ನೋಡಿದರೆ ನಗುತ್ತಾ ಮಲಗುತ್ತೇನೆ. ತಿಂಗಳಿಗೆ ಒಂದೇ ಡಿಸ್ಕ್ ಅಂತ ಲೆಕ್ಕ ಇಟ್ಟುಕೊಂಡವನಿಗೆ ಮತ್ತೆ ಮತ್ತೆ ಹಾಕುವಂಥದ್ದು ಬೇಕು. ‘ನೈಟ್‌ಮೇರ್’ ಬೇಕಾದಾಗ ಗೆಳೆಯನ ಹತ್ತಿರ ಎರವಲು ತರುತ್ತೇನೆ.

1980ರ ‘ಪ್ರಾಮ್ ನೈಟ್’ ಡಿಸ್ಕ್ ಒಂದೇ ಸಲ ಓಡಿದೆ, ಗೀರಿಲ್ಲ. ಬೇಕಾದವರು ಅಂಚೆ ಖರ್ಚು ಕೊಟ್ಟರೆ ಸಾಕು.